ಲೋರಾಂ ಬ್ಲಾಂ: ತಲೆಯಿಂದ ಆಡಿದವನು, ತಲೆ ಎಣಿಸಿ ಸೋತವನು

ಪ್ರಶ್ನೆ: ನಮಸ್ಕಾರ ಸರ್. 1998ರ ವಿಶ್ವಕಪ್ ಗೆದ್ದ ಫ್ರಾನ್ಸ್ ತಂಡದ ಡಿಫೆಂಡರ್ ಲಾರೆಂಟ್ ಬ್ಲಾಂಕ್ ಬಗ್ಗೆ ಕೇಳಬೇಕಿತ್ತು. ಫ್ರಾನ್ಸಿನ ಬೋರ್ಡೊ, ಪ್ಯಾರಿಸ್‌ನ ಪಿಎಸ್‌ಜಿ, ಆಮೇಲೆ ಸೌದಿಯ ಅಲ್ ಇತ್ತಿಹಾದ್, ಹೀಗೆ ಮೂರು ಕ್ಲಬ್‌ಗಳಿಗೆ ಲೀಗ್ ಗೆದ್ದುಕೊಟ್ಟ ಕೋಚ್ ಆತ. ಆದರೂ ದೊಡ್ಡ ಕೋಚ್‌ಗಳ ಮಾತು ಬಂದಾಗ ಯಾರೂ ಅವನ ಹೆಸರೆತ್ತುವುದಿಲ್ಲ. ಯಾಕೆ? ಆಟಗಾರನಾಗಿ ನಿಜಕ್ಕೂ ಅಷ್ಟು ದೊಡ್ಡವನಾ? ನಾನು ಹುಟ್ಟಿದ್ದೇ 1999ರಲ್ಲಿ, ಅವನ ಆಟ ನೋಡಿಲ್ಲ. ಯಾವ ಪಂದ್ಯ ನೋಡಿದರೆ ಅರ್ಥ ಆಗುತ್ತದೆ?

ಉತ್ತರ: ಮೊದಲು ಹೆಸರು. ಇಂಗ್ಲಿಷ್ ಥರ ಓದಿದರೆ ಲಾರೆಂಟ್ ಬ್ಲಾಂಕ್. ಫ್ರೆಂಚರ ಬಾಯಲ್ಲಿ ಲೋರಾಂ ಬ್ಲಾಂ. ಕೊನೆಯ ಅಕ್ಷರಗಳನ್ನು ಅವರು ನುಂಗಿಬಿಡುತ್ತಾರೆ. ನಾನು ಬ್ಲಾಂ ಅಂತಲೇ ಬರೆಯುತ್ತೇನೆ.

ನಿಮ್ಮದು ಒಳ್ಳೆಯ ಪ್ರಶ್ನೆ. ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ‘ಪಿಎಸ್‌ಜಿಯಲ್ಲಿ ಅಷ್ಟು ದುಡ್ಡು ಇದ್ದರೆ ಯಾರು ಬೇಕಾದರೂ ಗೆಲ್ಲುತ್ತಾರೆ’ ಅನ್ನೋದು. ನನಗೆ ಅದು ಅರೆಬೆಂದ ಉತ್ತರ ಅನಿಸುತ್ತದೆ. ಬೋರ್ಡೊದಲ್ಲಿ ಅಂಥ ದುಡ್ಡೇನೂ ಇರಲಿಲ್ಲ, ಅಲ್ಲೂ ಗೆದ್ದ. ನನ್ನ ಉತ್ತರ ಬೇರೆ. ಆಟಗಾರ ಬ್ಲಾಂ ತಲೆಯಿಂದ ಡಿಫೆಂಡ್ ಮಾಡಿದ. ಕೋಚ್ ಬ್ಲಾಂ ದೊಡ್ಡ ರಾತ್ರಿಗಳಲ್ಲಿ ತಲೆ ಎಣಿಸಿ ಡಿಫೆಂಡ್ ಮಾಡಿದ. ಇದು ಅರ್ಥ ಆಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆತ ಹುಟ್ಟಿದ್ದು 1965ರ ನವೆಂಬರ್ 19ರಂದು, ದಕ್ಷಿಣ ಫ್ರಾನ್ಸಿನ ಅಲೆಸ್‌ನಲ್ಲಿ. ಕಲ್ಲಿದ್ದಲು ಗಣಿಗಳಿಗೆ ಹೆಸರಾಗಿದ್ದ ಊರು. ಮೊಂಪೆಲಿಯೆ ಕ್ಲಬ್‌ನಲ್ಲಿ 1983ರಲ್ಲಿ ಶುರು ಮಾಡಿದ. ಆದರೆ ಡಿಫೆಂಡರ್ ಆಗಿ ಅಲ್ಲ! ಸ್ಟ್ರೈಕರ್‌ಗಳ ಬೆನ್ನಿಗೆ ನಿಂತು ಚೆಂಡು ಹಂಚುವ, ತಾನೂ ಗೋಲು ಹೊಡೆಯುವ ಮಿಡ್‌ಫೀಲ್ಡರ್ ಆಗಿ. ಉದ್ದ ಆಳು, ಓಟ ಕಡಿಮೆ, ಕಾಲಲ್ಲಿ ಮಾತ್ರ ಜಾಣತನ ತುಂಬಿತ್ತು. ಆ ಕ್ಲಬ್‌ನ ಇತಿಹಾಸದಲ್ಲೇ ಅತಿ ಹೆಚ್ಚು ಗೋಲು ಹೊಡೆದವರ ಪಟ್ಟಿ ತೆಗೆದರೆ ಮೇಲೆ ಕಾಣುವ ಹೆಸರು ಇವನದೇ. ಮುಂದೆ ಜಗತ್ತಿನ ದೊಡ್ಡ ಡಿಫೆಂಡರ್‌ಗಳಲ್ಲಿ ಒಬ್ಬನಾದವನು ಒಂದು ಕ್ಲಬ್‌ನ ಟಾಪ್ ಸ್ಕೋರರ್, ವಿಚಿತ್ರ ಅಲ್ವಾ? ಎಂಬತ್ತರ ದಶಕದ ಕೊನೆಗೆ ಮೊಂಪೆಲಿಯೆಯಲ್ಲೇ ಅವನನ್ನು ಹಿಂದಕ್ಕೆ ತಂದು ಲಿಬೆರೊ ಮಾಡಿದರು. ಲಿಬೆರೊ ಅಂದರೆ ಡಿಫೆಂಡರ್‌ಗಳ ಸಾಲಿನ ಹಿಂದೆ ಅಥವಾ ಪಕ್ಕದಲ್ಲಿ, ಯಾರನ್ನೂ ಬೆನ್ನಟ್ಟುವ ಹೊಣೆ ಇಲ್ಲದೆ ನಿಲ್ಲುವ ಆಟಗಾರ. ಬೇರೆಯವರ ತಪ್ಪು ಒರೆಸಬೇಕು, ಚೆಂಡು ಸಿಕ್ಕರೆ ಅಲ್ಲಿಂದಲೇ ಆಟ ಕಟ್ಟಬೇಕು. ಎದುರಿಗೆ ಇಡೀ ಮೈದಾನ ಕಾಣುತ್ತದೆ. ಬ್ಲಾಂಗೆ ಹೇಳಿ ಮಾಡಿಸಿದ ಜಾಗ.

1990ರಲ್ಲಿ ಮೊಂಪೆಲಿಯೆ ಫ್ರೆಂಚ್ ಕಪ್ ಗೆದ್ದಿತು. ಎರಿಕ್ ಕಾಂಟೊನಾ ಆಗ ಅದೇ ತಂಡದಲ್ಲಿದ್ದ. ಆ ಸೀಸನ್‌ನ ಮೊದಲ ಭಾಗದಲ್ಲಿ ಕೋಚ್ ಆಗಿದ್ದವರು ಎಮೆ ಜಾಕೆ, ಈ ಹೆಸರು ನೆನಪಿಟ್ಟುಕೊಳ್ಳಿ.

ಆಮೇಲಿನ ಕೆಲವು ವರ್ಷ ಅಲೆದಾಟ. 1991ರಲ್ಲಿ ನಾಪೋಲಿಗೆ ಹೋದ. ಮರಡೋನಾ ಬಿಟ್ಟುಹೋದ ಬೆನ್ನಿಗೇ ಆ ಊರಿಗೆ ಹೋಗುವುದು ಸುಲಭದ ಕೆಲಸ ಅಲ್ಲ. ಒಂದೇ ವರ್ಷಕ್ಕೆ ವಾಪಸ್. ನೀಮ್‌ನಲ್ಲಿ ಒಂದು ವರ್ಷ, ಆ ತಂಡ ಕೆಳಗಿನ ಡಿವಿಜನ್‌ಗೆ ಇಳಿದುಹೋಯಿತು. ಆಮೇಲೆ ಸೇಂಟ್ ಎತಿಯೆನ್‌ನಲ್ಲಿ ಎರಡು ವರ್ಷ. ಈ ಮಧ್ಯೆ 1993ರ ನವೆಂಬರ್ 17. ವಿಶ್ವಕಪ್‌ಗೆ ಹೋಗಲು ಫ್ರಾನ್ಸ್‌ಗೆ ಪ್ಯಾರಿಸ್‌ನಲ್ಲಿ ಬಲ್ಗೇರಿಯಾ ವಿರುದ್ಧ ಡ್ರಾ ಸಾಕಿತ್ತು. ಕೊನೆಯ ನಿಮಿಷದಲ್ಲಿ ಕೊಸ್ತಾದಿನೊವ್ ಗೋಲು ಹೊಡೆದ. 1-2. ಮನೆಗೆ. ಆ ರಾತ್ರಿ ಬ್ಲಾಂ ಮೈದಾನದಲ್ಲೇ ಇದ್ದ. ರಾಷ್ಟ್ರೀಯ ತಂಡದ ಸಹವಾಸವೇ ಬೇಡ ಅಂತ ದೂರ ಸರಿದವನನ್ನು ಮಾತಾಡಿಸಿ ವಾಪಸ್ ಕರೆತಂದದ್ದು ಹೊಸ ಕೋಚ್ ಎಮೆ ಜಾಕೆ. ಮೊಂಪೆಲಿಯೆಯ ಅದೇ ಜಾಕೆ.

ನಿಜವಾದ ಬ್ಲಾಂ ಶುರುವಾಗುವುದು ಇಲ್ಲಿಂದ, ಅಂದರೆ ಮೂವತ್ತರ ಹತ್ತಿರ ಬಂದಮೇಲೆ. 1995-96ರಲ್ಲಿ ಕೋಚ್ ಗೀ ರೂ ಅವರ ಒಸೇರ್ ತಂಡ ಲೀಗ್ ಮತ್ತು ಫ್ರೆಂಚ್ ಕಪ್ ಎರಡನ್ನೂ ಗೆದ್ದಿತು. ಸಣ್ಣ ಊರಿನ ತಂಡ ಅದು, ಮಧ್ಯದಲ್ಲಿ ಬ್ಲಾಂ. ಅಲ್ಲಿಂದ ನೇರ ಬಾರ್ಸಿಲೋನಾ, ಒಂದೇ ವರ್ಷ. ಅಲ್ಲಿಂದ ಮಾರ್ಸೆ. ಅಲ್ಲಿಂದ ಇಂಟರ್ ಮಿಲಾನ್. ಕೊನೆಗೆ ಮ್ಯಾಂಚೆಸ್ಟರ್ ಯುನೈಟೆಡ್. ಒಟ್ಟು ನಾಲ್ಕು ದೇಶ, ಒಂಬತ್ತು ಕ್ಲಬ್. ‘ಪ್ರೆಸಿಡೆಂಟ್’ ಅನ್ನೋ ಅಡ್ಡಹೆಸರು ಬಿದ್ದದ್ದೂ ಸುಮ್ನೆ ಅಲ್ಲ. ಮೈದಾನದಲ್ಲಿ ಆತ ಅವಸರ ಪಟ್ಟದ್ದನ್ನು ನೋಡಿದವರು ಕಡಿಮೆ.

ಹುಡುಗರಿಗೆ ಡಿಫೆನ್ಸ್ ಹೇಳಿಕೊಡುವಾಗ ನಾನು ಈಗಲೂ ಬ್ಲಾಂ ವಿಡಿಯೊ ತೋರಿಸುತ್ತೇನೆ. ಮೊದಲ ಹತ್ತು ನಿಮಿಷ ಎಲ್ಲರದೂ ಒಂದೇ ಗೊಣಗಾಟ, ‘ಸರ್, ಈ ವ್ಯಕ್ತಿ ಏನೂ ಮಾಡ್ತಾನೇ ಇಲ್ಲ.’ ನಾನು ವಿಡಿಯೊ ನಿಲ್ಲಿಸಿ ಕೇಳುತ್ತೇನೆ: ಪಾಸ್ ಹೊರಡುವ ಮುಂಚೆ ಅವನು ಎಲ್ಲಿದ್ದ, ಹೊರಟಾಗ ಎಲ್ಲಿದ್ದ? ಎರಡು ಹೆಜ್ಜೆ. ಅಷ್ಟೇ ವ್ಯತ್ಯಾಸ. ಎದುರಾಳಿ ಸ್ಟ್ರೈಕರ್ ಎಲ್ಲಿಗೆ ಓಡಬೇಕು ಅಂತ ಯೋಚಿಸುವಷ್ಟರಲ್ಲಿ ಇವನು ಆ ಜಾಗಕ್ಕೆ ನಡೆದುಕೊಂಡು ಹೋಗಿ ನಿಂತಿರುತ್ತಾನೆ. ನೆಲಕ್ಕೆ ಬಿದ್ದು ಜಾರಿ ಟ್ಯಾಕಲ್ ಮಾಡುವುದು ಅಪರೂಪ. ಜಾರಬೇಕಾಯಿತು ಅಂದರೆ ಅದಕ್ಕಿಂತ ಮುಂಚೆ ಎಲ್ಲೋ ತಪ್ಪಾಗಿದೆ ಅಂತ ಅರ್ಥ, ಬ್ಲಾಂ ಆಟ ನೋಡಿ ಕಲಿಯಬೇಕಾದ್ದು ಇದೇ. ಪಕ್ಕದಲ್ಲಿ ಮಾರ್ಸೆಲ್ ದೆಸಾಯಿ ಬಂಡೆಯ ಹಾಗೆ, ಬಲಕ್ಕೆ ತುರಾಂ, ಎಡಕ್ಕೆ ಲಿಜರಾಜು. ಈ ನಾಲ್ವರೂ ಒಟ್ಟಿಗೆ ಆಡಲು ಇಳಿದ ಪಂದ್ಯಗಳಲ್ಲಿ ಫ್ರಾನ್ಸ್ ಒಂದರಲ್ಲೂ ಸೋಲಲಿಲ್ಲ. 1998ರ ವಿಶ್ವಕಪ್‌ನ ಏಳು ಪಂದ್ಯಗಳಲ್ಲಿ ಫ್ರಾನ್ಸ್ ಬಿಟ್ಟುಕೊಟ್ಟದ್ದು ಎರಡೇ ಗೋಲು, ಅದರಲ್ಲಿ ಒಂದು ಪೆನಾಲ್ಟಿ.

ಈಗ ಆ ವಿಶ್ವಕಪ್‌ಗೇ ಬರೋಣ. ಜೂನ್ 28, ಲಾನ್ಸ್ ಊರು, ಪ್ರಿ ಕ್ವಾರ್ಟರ್‌ಫೈನಲ್, ಎದುರಿಗೆ ಪರಾಗ್ವೆ. ಜಿದಾನ್ ಇಲ್ಲ, ಸೌದಿ ವಿರುದ್ಧ ರೆಡ್ ಕಾರ್ಡ್ ತಿಂದು ಹೊರಗೆ ಕೂತಿದ್ದಾನೆ. ಪರಾಗ್ವೆಯವರು ಗೋಲಿನ ಮುಂದೆ ಗೋಡೆ ಕಟ್ಟಿದ್ದಾರೆ, ಹಿಂದೆ ಚಿಲಾವರ್ಟ್ ಅನ್ನೋ ಗೋಲ್‌ಕೀಪರ್, ಅವನೇ ಅರ್ಧ ತಂಡ. ಅವರ ಕ್ಯಾಪ್ಟನ್‌ನಂಥ ಡಿಫೆಂಡರ್ ಗಮಾರಾ ಭುಜಕ್ಕೆ ಪೆಟ್ಟು ಬಿದ್ದರೂ ಹೊರಗೆ ಹೋಗುತ್ತಿಲ್ಲ. ತೊಂಬತ್ತು ನಿಮಿಷ ಮುಗಿಯಿತು, 0-0. ಆಗ ಗೋಲ್ಡನ್ ಗೋಲ್ ನಿಯಮ ಇತ್ತು. ಹೆಚ್ಚುವರಿ ಸಮಯದಲ್ಲಿ ಯಾರು ಮೊದಲು ಗೋಲು ಹೊಡೆದರೋ ಪಂದ್ಯ ಅಲ್ಲಿಗೇ ಮುಗೀತು. ಪೆನಾಲ್ಟಿ ಶೂಟೌಟ್‌ಗೆ ಹೋದರೆ ಎದುರಿಗೆ ಚಿಲಾವರ್ಟ್, ಫ್ರೆಂಚರ ಎದೆ ಢವಢವ. 114ನೇ ನಿಮಿಷ. ಪಿರೆಸ್ ಬಲಗಡೆಯಿಂದ ಚೆಂಡು ಎತ್ತಿ ಹಾಕಿದ, ಟ್ರೆಜೆಗೆ ತಲೆಯಿಂದ ಕೆಳಗೆ ಇಳಿಸಿದ, ಅಲ್ಲಿ ಸ್ಟ್ರೈಕರ್ ಇರಬೇಕಾದ ಜಾಗದಲ್ಲಿ ಡಿಫೆಂಡರ್ ಬ್ಲಾಂ ನಿಂತಿದ್ದ! ಚೆಂಡು ಪುಟಿದೇಳುವಾಗ ಬಲಗಾಲಲ್ಲಿ ಹೊಡೆದ. ವಿಶ್ವಕಪ್ ಇತಿಹಾಸದ ಮೊದಲ ಗೋಲ್ಡನ್ ಗೋಲ್ ಅದು. ಪರಾಗ್ವೆಯವರು ನೆಲಕ್ಕೆ ಬಿದ್ದು ಅಳುತ್ತಿದ್ದರು, ಚಿಲಾವರ್ಟ್ ಒಬ್ಬೊಬ್ಬರನ್ನೇ ಕೈ ಹಿಡಿದು ಎಬ್ಬಿಸುತ್ತಿದ್ದ. ನನಗೆ ಗೋಲಿಗಿಂತ ಜಾಸ್ತಿ ನೆನಪಿರೋದು ಅದು.

ಮೊಂಪೆಲಿಯೆಯ ಹಳೆಯ ಮಿಡ್‌ಫೀಲ್ಡರ್ ಒಳಗೆ ಹಾಗೇ ಉಳಿದಿದ್ದ ನೋಡಿ. ಚೆಂಡು ಎಲ್ಲಿ ಬೀಳುತ್ತದೆ ಅಂತ ಡಿಫೆಂಡರ್ ಆಗಿ ಓದಿದ ಕಣ್ಣೇ ಸ್ಟ್ರೈಕರ್ ಆಗಿಯೂ ಓದಿತು. ದೇಶಕ್ಕೆ 97 ಪಂದ್ಯ, 16 ಗೋಲು. ಡಿಫೆಂಡರ್‌ಗೆ ಇದು ಸಣ್ಣ ಲೆಕ್ಕ ಅಲ್ಲ.

ಕ್ವಾರ್ಟರ್‌ಫೈನಲ್‌ನಲ್ಲಿ ಇಟಲಿ, ಮತ್ತೆ 0-0, ಶೂಟೌಟ್. ಫ್ರಾನ್ಸಿನ ಕೊನೆಯ ಪೆನಾಲ್ಟಿ ಬ್ಲಾಂದು, ಒಳಗೆ. ಆಮೇಲೆ ದಿ ಬಿಯಾಜೊ ಹೊಡೆದದ್ದು ಗೋಲುಕಂಬದ ಮೇಲಿನ ಅಡ್ಡಪಟ್ಟಿಗೆ ಬಡಿಯಿತು. ಪ್ರತಿ ಪಂದ್ಯಕ್ಕೂ ಮುಂಚೆ ಗೋಲ್‌ಕೀಪರ್ ಬಾರ್ತೆಜ್‌ನ ಬೋಳುತಲೆಗೆ ಬ್ಲಾಂ ಒಂದು ಮುತ್ತು ಕೊಡುತ್ತಿದ್ದ. ಇಡೀ ಫ್ರಾನ್ಸ್ ಅದನ್ನು ಶಕುನ ಅಂತ ನಂಬಿತ್ತು. ನಮ್ಮವರು ಬ್ಯಾಟ್ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಹಾಗೆ.

ಸೆಮಿಫೈನಲ್ ನಮ್ಮ ಲೆಕ್ಕಕ್ಕೆ ರಾತ್ರಿ ಹನ್ನೆರಡೂವರೆಗೆ. ಆಸ್ಟಿನ್ ಟೌನ್‌ನ ಗೆಳೆಯನ ಮನೆಯಲ್ಲಿ ಸಣ್ಣ ಟಿವಿ ಮುಂದೆ ಎಂಟು ಜನ ಕೂತಿದ್ದೆವು, ಅವರಮ್ಮ ಮಲಗಿದ್ದರು ಅಂತ ಗೋಲಾದಾಗ ಬಾಯಿಗೆ ದಿಂಬು ಒತ್ತಿಕೊಳ್ಳಬೇಕು. ಎದುರಿಗೆ ಕ್ರೊಯೇಷಿಯಾ. ಶೂಕರ್ ಮೊದಲು ಹೊಡೆದ, ತುರಾಂ ಎರಡು ಹೊಡೆದ. ದೇಶಕ್ಕಾಗಿ ಇಡೀ ಜೀವಮಾನದಲ್ಲಿ ತುರಾಂ ಹೊಡೆದದ್ದು ಆ ಎರಡೇ ಗೋಲು ಅನ್ನೋದು ಬೇರೆಯೇ ಕಥೆ. 2-1 ಇರುವಾಗ ಫ್ರಾನ್ಸ್‌ಗೆ ಒಂದು ಫ್ರೀ ಕಿಕ್. ಬ್ಲಾಂ ಮೇಲಕ್ಕೆ ಬಂದ, ಸ್ಲಾವೆನ್ ಬಿಲಿಚ್ ಅವನಿಗೆ ಅಂಟಿಕೊಂಡು ಎಳೆದಾಡುತ್ತಿದ್ದ. ಬ್ಲಾಂ ಕೈ ಬೀಸಿ ದೂಡಿದ. ಕೈ ತಾಗಿದ್ದು ಗದ್ದದ ಹತ್ತಿರ, ಬಿಲಿಚ್ ಹಿಡಿದುಕೊಂಡು ಬಿದ್ದದ್ದು ಹಣೆ. ರೆಡ್ ಕಾರ್ಡ್. ದೂಡಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ, ಆದರೆ ಬಿಲಿಚ್ ಮಾಡಿದ ನಾಟಕಕ್ಕೆ ಇವತ್ತಿಗೂ ಫ್ರೆಂಚರು ಹಲ್ಲು ಕಡಿಯುತ್ತಾರೆ. ತನ್ನದೇ ದೇಶದಲ್ಲಿ ನಡೆಯುವ ವಿಶ್ವಕಪ್ ಫೈನಲ್, ಬ್ರೆಜಿಲ್ ಎದುರು, ಬ್ಲಾಂಗೆ ಆಡುವ ಹಾಗಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಫ್ರಾಂಕ್ ಲೆಬಫ್ ಆಡಿದ, 3-0, ಕಪ್ ಬಂತು.

ಮುಂದಿನ ವರ್ಷ ಮಾರ್ಸೆ ಪರವಾಗಿ ಯುರೋಪಿನ ಕ್ಲಬ್‌ಗಳ ಯುಇಎಫ್‌ಎ ಕಪ್ ಫೈನಲ್, ಮಾಸ್ಕೊದಲ್ಲಿ. ಅಲ್ಲಿ ಆಡಿದ, ಆದರೆ ಕೆಟ್ಟ ನೆನಪು. ಗೋಲ್‌ಕೀಪರ್‌ಗೆ ತಲೆಯಿಂದ ಹಿಂದಕ್ಕೆ ಕೊಟ್ಟ ಚೆಂಡು ಅರ್ಧದಲ್ಲೇ ಬಿತ್ತು, ಪಾರ್ಮಾದ ಕ್ರೆಸ್ಪೊ ಹಿಡಿದು ಕೀಪರ್ ತಲೆ ಮೇಲಿಂದ ಗೋಲಿಗೆ ಹಾಕಿದ. 0-3ಕ್ಕೆ ಸೋಲು. ದೊಡ್ಡ ಡಿಫೆಂಡರ್‌ಗಳೂ ಹೀಗೆ ಮಾಡುತ್ತಾರೆ ಅಂತ ಹೇಳೋಕೆ ಇದನ್ನು ಹೇಳಿದೆ. 2000ದಲ್ಲಿ ಮಾತ್ರ ಕೊರತೆ ತುಂಬಿತು. ಯೂರೊ ಕಪ್‌ನಲ್ಲಿ ಫ್ರಾನ್ಸಿನ ಮೊದಲ ಗೋಲು ಡೆನ್ಮಾರ್ಕ್ ವಿರುದ್ಧ ಬ್ಲಾಂದೇ, ಫೈನಲ್ ಆಡಿದ, ಗೆದ್ದ, ಸೆಪ್ಟೆಂಬರ್‌ನಲ್ಲಿ ದೇಶದ ಜೆರ್ಸಿ ತೆಗೆದಿಟ್ಟ.

ಮ್ಯಾಂಚೆಸ್ಟರ್ ಕಥೆಯನ್ನು ಬೇಗ ಮುಗಿಸುತ್ತೇನೆ. 2001ರ ಆಗಸ್ಟ್ ಕೊನೆಗೆ ಕೋಚ್ ಫರ್ಗುಸನ್ ತನ್ನ ಭೀಮನಂಥ ಡಿಫೆಂಡರ್ ಯಾಪ್ ಸ್ಟಾಮ್‌ನನ್ನು ಲಾಜಿಯೊಗೆ ಮಾರಿ, 35 ವರ್ಷದ ಬ್ಲಾಂನನ್ನು ಕರೆಸಿದರು. ಆ ಸೀಸನ್‌ನ ಲೀಗ್‌ನಲ್ಲಿ ಯುನೈಟೆಡ್ ಮೊದಲು ಸೋತ ಐದು ತಂಡಗಳು ಬೋಲ್ಟನ್, ಲಿವರ್‌ಪೂಲ್, ಆರ್ಸೆನಲ್, ನ್ಯೂಕ್ಯಾಸಲ್, ಚೆಲ್ಸಿ. ಇಂಗ್ಲಿಷ್‌ನಲ್ಲಿ ಇವುಗಳ ಮೊದಲ ಅಕ್ಷರ ಸಾಲಾಗಿ ಇಟ್ಟರೆ ಬ್ಲಾಂ ಹೆಸರಿನ ಸ್ಪೆಲಿಂಗ್! ಇಂಗ್ಲೆಂಡ್ ಪೂರಾ ನಕ್ಕಿತು. ಓಟ ಮೊದಲೇ ಕಡಿಮೆ, ಪ್ರೀಮಿಯರ್ ಲೀಗ್ ವೇಗಕ್ಕೆ ಅದು ಇನ್ನೂ ಎದ್ದು ಕಂಡಿತು. ಸ್ಟಾಮ್‌ನನ್ನು ಮಾರಿದ್ದು ತಪ್ಪಾಯಿತು ಅಂತ ಫರ್ಗುಸನ್ನರೇ ಮುಂದೆ ಒಪ್ಪಿಕೊಂಡರು. ಆದರೆ 2003ರಲ್ಲಿ ಲೀಗ್ ಗೆದ್ದ ಪದಕ ಕೊರಳಿಗೆ ಹಾಕಿಕೊಂಡೇ ಬ್ಲಾಂ ಬೂಟು ಬಿಚ್ಚಿದ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಕೋಚ್ ಬ್ಲಾಂ.

2007ರಲ್ಲಿ ಬೋರ್ಡೊ ಅವನನ್ನು ಕರೆಯಿತು. ದೊಡ್ಡ ತಂಡದ ಕೋಚ್ ಆಗಿ ಒಂದು ದಿನದ ಅನುಭವ ಇಲ್ಲ. ಮೊದಲ ಸೀಸನ್‌ನಲ್ಲೇ ಎರಡನೇ ಸ್ಥಾನ. ಆಗ ಫ್ರಾನ್ಸ್‌ನಲ್ಲಿ ಲಿಯಾನ್ ತಂಡ ಸತತ ಏಳು ಸಲ ಲೀಗ್ ಗೆದ್ದು ಬೇರೆಯವರಿಗೆ ಉಸಿರಾಡಲು ಬಿಡದ ಕಾಲ. 2008ರಲ್ಲಿ ಬ್ಲಾಂ ಎಸಿ ಮಿಲಾನ್‌ನಲ್ಲಿ ಮೂಲೆಗೆ ಬಿದ್ದಿದ್ದ ಯೊಆನ್ ಗೂರ್ಕುಫ್‌ನನ್ನು ಸಾಲಕ್ಕೆ ತಂದ. ಗೂರ್ಕುಫ್ ಅಂದರೆ ಬ್ಲಾಂ ಹುಡುಗನಾಗಿದ್ದಾಗ ಆಡುತ್ತಿದ್ದ ಜಾಗದ ಆಟಗಾರ. ಅವನ ಹಿಂದೆ ಅಲೂ ದಿಯಾರಾ, ಪಕ್ಕದಲ್ಲಿ ವೆಂಡೆಲ್, ಮುಂದೆ ಶಮಾಕ್. 2009ರ ಜನವರಿಯಲ್ಲಿ ಪಿಎಸ್‌ಜಿ ವಿರುದ್ಧ ಗೂರ್ಕುಫ್ ಇಬ್ಬರ ನಡುವೆ ಚೆಂಡಿನ ಮೇಲೆ ಕಾಲಿಟ್ಟು ಸುತ್ತಿ ಹೊಡೆದ ಗೋಲು ಸಿಕ್ಕರೆ ನೋಡಿ. ಆ ಸೀಸನ್‌ನ ಕೊನೆಯ ಹನ್ನೊಂದು ಪಂದ್ಯವನ್ನೂ ಬೋರ್ಡೊ ಗೆದ್ದಿತು. ಹನ್ನೊಂದೂ! ಕೊನೆಯ ದಿನ ಕಾನ್ ಊರಿನಲ್ಲಿ 1-0, ಲಿಯಾನ್‌ನ ಏಳು ವರ್ಷದ ದರ್ಬಾರು ಮುಗಿಯಿತು.

ಮುಂದಿನ ಸೀಸನ್ ಇನ್ನೂ ಚೆಂದ ಶುರುವಾಯಿತು. ಯುರೋಪಿನ ದೊಡ್ಡ ಕ್ಲಬ್‌ಗಳು ಸೆಣಸುವ ಚಾಂಪಿಯನ್ಸ್ ಲೀಗ್‌ನ ಗುಂಪಿನಲ್ಲಿ ಬಯರ್ನ್ ಮ್ಯೂನಿಕ್ ಮತ್ತು ಯುವೆಂಟಸ್. ಬೋರ್ಡೊ ಬಯರ್ನ್‌ಗೆ ಎರಡು ಸಲ ಸೋಲುಣಿಸಿತು, ಆರು ಪಂದ್ಯದಲ್ಲಿ ಐದು ಗೆಲುವು, ಒಂದು ಡ್ರಾ, ಗುಂಪಿಗೆ ಮೊದಲು. ಯುರೋಪಿನ ಪತ್ರಿಕೆಗಳೆಲ್ಲ ಬ್ಲಾಂ ಬ್ಲಾಂ ಅಂದವು. ಅಷ್ಟರಲ್ಲಿ ಇವನೇ ಫ್ರಾನ್ಸ್ ತಂಡದ ಮುಂದಿನ ಕೋಚ್ ಅನ್ನೋ ಮಾತು ಹಬ್ಬಿತು. ಉಳಿಯುತ್ತೇನೆ ಅಂತಲೂ ಹೇಳಲಿಲ್ಲ, ಹೋಗುತ್ತೇನೆ ಅಂತಲೂ ಹೇಳಲಿಲ್ಲ. ವಸಂತಕ್ಕೆ ತಂಡ ಕುಸಿಯಿತು. ಚಾಂಪಿಯನ್ಸ್ ಲೀಗ್ ಕ್ವಾರ್ಟರ್‌ಫೈನಲ್‌ನಲ್ಲಿ ಲಿಯಾನ್‌ಗೆ ಸೋಲು, ಲೀಗ್ ಕಪ್ ಫೈನಲ್‌ನಲ್ಲಿ ಮಾರ್ಸೆಗೆ ಸೋಲು, ಚಳಿಗಾಲದಲ್ಲಿ ಲೀಗ್‌ನ ಮೇಲ್ತುದಿಯಲ್ಲಿದ್ದ ತಂಡ ಕೊನೆಗೆ ಆರನೇ ಸ್ಥಾನ. ಇಲ್ಲಿ ನನಗೆ ಮೊದಲ ಸಲ ಅವನ ದೌರ್ಬಲ್ಯ ಕಂಡದ್ದು. ಮೈದಾನದಲ್ಲಿ ಮೌನವಾಗಿ ಎರಡು ಹೆಜ್ಜೆ ಸರಿದು ತಪ್ಪು ಒರೆಸಬಹುದು. ಡ್ರೆಸ್ಸಿಂಗ್ ರೂಮ್‌ನಲ್ಲಿ ಮೌನ ಇದ್ದರೆ ಹುಡುಗರು ತಮಗೆ ತೋಚಿದ ಕಥೆ ಕಟ್ಟಿಕೊಳ್ಳುತ್ತಾರೆ.

2010ರ ವಿಶ್ವಕಪ್‌ನಲ್ಲಿ ಫ್ರಾನ್ಸ್ ಆಟಗಾರರು ದಕ್ಷಿಣ ಆಫ್ರಿಕಾದಲ್ಲಿ ಬಸ್ಸಿನಿಂದ ಇಳಿಯದೆ ತಾಲೀಮಿಗೇ ಮುಷ್ಕರ ಹೂಡಿದ್ದು ನಿಮಗೆ ಗೊತ್ತಿರಬಹುದು. ಆ ಮಸಿ ಮೆತ್ತಿದ ತಂಡ ಬ್ಲಾಂ ಕೈಗೆ ಬಂತು. ಮೊದಲ ಪಂದ್ಯಕ್ಕೆ ವಿಶ್ವಕಪ್‌ಗೆ ಹೋಗಿದ್ದ 23 ಜನರನ್ನೂ ಹೊರಗಿಟ್ಟ. ನಾರ್ವೆ ವಿರುದ್ಧ ಸೋತ. ಮುಂದಿನದರಲ್ಲಿ ಪ್ಯಾರಿಸ್‌ನಲ್ಲೇ ಬೆಲಾರೂಸ್ ವಿರುದ್ಧವೂ ಸೋತ. ಆಮೇಲೆ 23 ಪಂದ್ಯ ಸೋಲಿಲ್ಲ, ಆ ಸಾಲಿನಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡ್, ಪ್ಯಾರಿಸ್‌ನಲ್ಲಿ ಬ್ರೆಜಿಲ್, ಬ್ರೆಮೆನ್‌ನಲ್ಲಿ ಜರ್ಮನಿ ಬಿದ್ದವು.

ಮಧ್ಯೆ ಒಂದು ಕಹಿ ಪ್ರಕರಣ, ಅದನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. ಎಳೆಯರ ಅಕಾಡೆಮಿಗಳಲ್ಲಿ ಎರಡು ದೇಶದ ಪೌರತ್ವ ಇರುವ ಹುಡುಗರ ಸಂಖ್ಯೆಗೆ ಮಿತಿ ಹಾಕುವ ಮಾತು ಫೆಡರೇಷನ್‌ನ ಒಳಗಿನ ಒಂದು ಸಭೆಯಲ್ಲಿ ಬಂದಿತ್ತು. 2011ರಲ್ಲಿ ಅದರ ಧ್ವನಿಮುದ್ರಿಕೆಯ ಬರಹರೂಪ ಪತ್ರಿಕೆಗೆ ಸಿಕ್ಕಿಬಿಟ್ಟಿತು. ಸಭೆಯಲ್ಲಿ ಬ್ಲಾಂ ಇದ್ದ, ಮಾತಾಡಿದ್ದ. ದೊಡ್ಡ ಮೈಕಟ್ಟಿನ ಹುಡುಗರನ್ನೇ ಆರಿಸುತ್ತೇವೆ, ಚೆಂಡಿನ ಜಾಣತನ ನೋಡುವುದಿಲ್ಲ ಅನ್ನೋದು ಅವನ ದೂರು. ಅದು ಫುಟ್ಬಾಲ್ ಮಾತು, ನ್ಯಾಯವಾದದ್ದೇ. ಆದರೆ ಅದನ್ನು ಮೈಬಣ್ಣದ ಜೊತೆ ತಳುಕು ಹಾಕಿ ಆಡಿದ ರೀತಿ ಕೆಟ್ಟದಾಗಿತ್ತು. ಹಳೆಯ ಜೊತೆಗಾರ ತುರಾಂ ಬಹಿರಂಗವಾಗಿ ಖಂಡಿಸಿದ. ಬ್ಲಾಂ ಕ್ಷಮೆ ಕೇಳಿದ, ವಿಚಾರಣೆ ನಡೆಯಿತು, ಅವನ ಮೇಲೆ ತಪ್ಪು ಹೊರಿಸಲಿಲ್ಲ, ಕೆಲಸ ಉಳಿಯಿತು. 1998ರ ಆ ನಾಲ್ವರ ಗೆಳೆತನದ ಚಿತ್ರಕ್ಕೆ ಮಾತ್ರ ಬಿರುಕು ಬಿತ್ತು.

ಈಗ ನಾನು ಮೊದಲು ಹೇಳಿದ ‘ತಲೆ ಎಣಿಸುವ’ ಮಾತು. 2012ರ ಯೂರೊ, ಕ್ವಾರ್ಟರ್‌ಫೈನಲ್, ಎದುರಿಗೆ ಸ್ಪೇನ್. ಸ್ಪೇನ್‌ನ ಎಡಗಡೆಯಿಂದ ಜೋರ್ಡಿ ಆಲ್ಬಾ ಬಾಣದ ಹಾಗೆ ಓಡಿಬರುತ್ತಾನೆ ಅಂತ ಬ್ಲಾಂಗೆ ಭಯ. ಬಲಗಡೆ ಒಬ್ಬ ಡಿಫೆಂಡರ್ ಸಾಲದು ಅಂತ ಇಬ್ಬರು ರೈಟ್ ಬ್ಯಾಕ್‌ಗಳನ್ನು ಹಿಂದೆಮುಂದೆ ನಿಲ್ಲಿಸಿದ, ರೆವೆಯೇರ್ ಹಿಂದೆ, ದೆಬೂಶಿ ಮುಂದೆ. 19ನೇ ನಿಮಿಷಕ್ಕೆ ಆಲ್ಬಾ ಓಡಿದ, ಬೆನ್ನಟ್ಟಿದ ದೆಬೂಶಿ ಕಾಲು ಜಾರಿ ಬಿದ್ದ, ಆಲ್ಬಾ ಕ್ರಾಸ್ ಹಾಕಿದ, ತನ್ನ ನೂರನೇ ಪಂದ್ಯ ಆಡುತ್ತಿದ್ದ ಶಾಬಿ ಅಲೊನ್ಸೊ ತಲೆಯಿಂದ ಗೋಲು. ಮುಚ್ಚಲು ಹೋದ ತೂತಿನಿಂದಲೇ ನೀರು ಬಂತು. ಗೋಲು ಬಿದ್ದ ಮೇಲೆ ಮುಂದೆ ಹೋಗಿ ಆಡಲು ತಂಡದಲ್ಲಿ ಜನವೇ ಇಲ್ಲ. 0-2. ಆ ತಿಂಗಳಲ್ಲೇ ಬ್ಲಾಂ ಕೆಲಸ ಬಿಟ್ಟ, ಅವನ ಜಾಗಕ್ಕೆ ಬಂದದ್ದು 1998ರ ಕ್ಯಾಪ್ಟನ್ ದೆಶಾಂ. ಆತ 2018ರಲ್ಲಿ ವಿಶ್ವಕಪ್ಪನ್ನೇ ತಂದ. ಬ್ಲಾಂ ಹೆಸರು ಮರೆಯಾಗಲು ಇದೂ ಒಂದು ಕಾರಣ, ಪಕ್ಕದ ಮನೆಯವನು ಅಷ್ಟು ದೊಡ್ಡ ಮನೆ ಕಟ್ಟಿದರೆ ನಮ್ಮದು ಕಣ್ಣಿಗೆ ಬೀಳುವುದಿಲ್ಲ.

2013ರಲ್ಲಿ ಕೋಚ್ ಆನ್ಚೆಲೊಟ್ಟಿ ಮ್ಯಾಡ್ರಿಡ್‌ಗೆ ಹೋದಾಗ ಪಿಎಸ್‌ಜಿ ಬ್ಲಾಂನನ್ನು ಕರೆಯಿತು. ಮೊದಲ ಎರಡು ಪಂದ್ಯ 1-1, 1-1. ಆಗ ತಂಡದ ಜೋಡಣೆ ಬದಲಿಸಿ ಮಧ್ಯದಲ್ಲಿ ವೆರಾಟ್ಟಿ, ಮೊಟ್ಟಾ, ಮತುಯಿದಿ ಮೂವರನ್ನು ನಿಲ್ಲಿಸಿದ. ಅಲ್ಲಿಂದ ಚೆಂಡು ಎದುರಾಳಿಗೆ ಸಿಗುವುದೇ ಕಷ್ಟವಾಯಿತು. ನಾನು ಇದನ್ನು ದುಡ್ಡಿನ ಲೆಕ್ಕಕ್ಕೆ ಹಾಕುವುದಿಲ್ಲ, ಇದು ಬ್ಲಾಂ ಕಣ್ಣಿನ ಲೆಕ್ಕ. ಲಿಬೆರೊ ಆಗಿ ತಾನು ಮಾಡುತ್ತಿದ್ದ ಕೆಲಸವನ್ನು ಮೊಟ್ಟಾ ಕೈಗೆ ಕೊಟ್ಟ. ಮೂರು ವರ್ಷ, ಮೂರು ಲೀಗ್, ಒಟ್ಟು ಹನ್ನೊಂದು ಟ್ರೋಫಿ. 2014-15ರಲ್ಲಿ ದೇಶದೊಳಗಿನ ನಾಲ್ಕೂ ಟ್ರೋಫಿ, ಮುಂದಿನ ವರ್ಷ ಮತ್ತೆ ನಾಲ್ಕೂ. 2016ರ ಮಾರ್ಚ್‌ನಲ್ಲಿ ಟ್ರ್ವಾ ತಂಡಕ್ಕೆ 9-0 ಹೊಡೆದು ಇನ್ನೂ ಎಂಟು ಸುತ್ತು ಬಾಕಿ ಇರುವಾಗಲೇ ಲೀಗ್ ಮುಗಿಸಿದರು, 96 ಪಾಯಿಂಟ್. ಬೆಂಚಿನಲ್ಲಿ ಬ್ಲಾಂ ಬಾಯಲ್ಲಿ ಕಾಫಿ ಕಲಕುವ ಪ್ಲಾಸ್ಟಿಕ್ ಕಡ್ಡಿ ಕಚ್ಚಿಕೊಂಡು ಕೂತಿರುತ್ತಿದ್ದ, ಮನೆಯಲ್ಲಿ ಟಿವಿ ನೋಡುವವನ ಹಾಗೆ.

ಆದರೆ ಚಾಂಪಿಯನ್ಸ್ ಲೀಗ್? ಮೂರು ಸಲವೂ ಕ್ವಾರ್ಟರ್‌ಫೈನಲ್‌ನಲ್ಲಿ ಔಟ್. 2015ರಲ್ಲಿ ಬಾರ್ಸಿಲೋನಾಗೆ ಸೋತದ್ದನ್ನು ಬಿಡಿ, ಆ ಬಾರ್ಸಾಗೆ ಎಲ್ಲರೂ ಸೋತರು. ಉಳಿದ ಎರಡನ್ನು ನೋಡಿ. 2014ರಲ್ಲಿ ಚೆಲ್ಸಿ ವಿರುದ್ಧ ಮನೆಯಲ್ಲಿ 3-1 ಗೆಲುವು. ಲಂಡನ್‌ನಲ್ಲಿ 0-1 ಸೋಲಿನಲ್ಲಿದ್ದರೂ ಮುಂದಿನ ಸುತ್ತಿಗೆ ಹೋಗುವುದು ಪಿಎಸ್‌ಜಿಯೇ. ಕೊನೆಯ ನಿಮಿಷಗಳಲ್ಲಿ ಬ್ಲಾಂ ಮುಂದಿನ ಸಾಲಿನ ಲೂಕಾಸ್‌ನನ್ನು ಹೊರಗೆ ಕರೆದು ಡಿಫೆಂಡರ್ ಮಾರ್ಕಿನ್ಯೋಸ್‌ನನ್ನು ಇಳಿಸಿದ. ತಂಡ ಇನ್ನೂ ಹಿಂದಕ್ಕೆ ಸರಿಯಿತು, 87ನೇ ನಿಮಿಷ ಡೆಂಬಾ ಬಾ ಗೋಲು. ಎರಡು ಪಂದ್ಯ ಸೇರಿ 3-3, ಆದರೆ ಎದುರಾಳಿ ಮೈದಾನದಲ್ಲಿ ಹೊಡೆದ ಗೋಲಿಗೆ ಆಗ ಬೆಲೆ ಹೆಚ್ಚು, ಚೆಲ್ಸಿ ಮುಂದಕ್ಕೆ. ಮುಗೀತು ಕಥೆ. 2016ರಲ್ಲಿ ಮ್ಯಾಂಚೆಸ್ಟರ್ ಸಿಟಿ. ಪ್ಯಾರಿಸ್‌ನಲ್ಲಿ 2-2, ಇಬ್ರಾಹಿಮೊವಿಚ್ ಒಂದು ಪೆನಾಲ್ಟಿ ಕಳೆದುಕೊಂಡ. ಎರಡನೇ ಪಂದ್ಯಕ್ಕೆ ವೆರಾಟ್ಟಿಗೆ ಗಾಯ, ಮತುಯಿದಿಗೆ ನಿಷೇಧ. ಆಗ ಏನು ಮಾಡಿದ? ವರ್ಷಪೂರ್ತಿ ಆಡಿದ ಜೋಡಣೆ ಬಿಟ್ಟು ಮಧ್ಯದಲ್ಲಿ ಮೂವರು ಡಿಫೆಂಡರ್‌ಗಳನ್ನು ನಿಲ್ಲಿಸಿದ. ಹುಡುಗರಿಗೇ ಯಾರು ಎಲ್ಲಿ ಅಂತ ಗೊತ್ತಾಗಲಿಲ್ಲ. ಡಿ ಬ್ರೂಯ್ನ ಗೋಲು, 0-1.

ಸ್ಪೇನ್, ಚೆಲ್ಸಿ, ಸಿಟಿ. ಮೂರೂ ರಾತ್ರಿ ಭಯ ಬಂದಾಗ ಮಾಡಿದ್ದು ಒಂದೇ, ಇನ್ನೊಬ್ಬ ಡಿಫೆಂಡರ್. ಆಟಗಾರನಾಗಿದ್ದಾಗ ಯಾವತ್ತೂ ಹಾಗೆ ಯೋಚಿಸದವನು! ಅವನ ಜೀವಮಾನದ ಆಟವೇ ಒಬ್ಬ ಸರಿಯಾದ ಜಾಗದಲ್ಲಿ ನಿಂತರೆ ಇಬ್ಬರು ಬೇಡ ಅನ್ನೋದನ್ನು ತೋರಿಸಿತ್ತು. ನನ್ನ ಅಂದಾಜು, ಬೆಂಚಿನಲ್ಲಿ ಕೂತವನಿಗೂ ಅಪಾಯ ಎಲ್ಲಿಂದ ಬರುತ್ತದೆ ಅಂತ ಎಲ್ಲರಿಗಿಂತ ಮೊದಲು ಕಾಣುತ್ತಿತ್ತು, ಆದರೆ ಆ ಎರಡು ಹೆಜ್ಜೆ ತಾನೇ ಇಡುವ ಹಾಗಿಲ್ಲ, ಇನ್ನೊಬ್ಬರಿಗೆ ಇಡಲು ಹೇಳಿಕೊಡುವ ಬದಲು ಇನ್ನೊಂದು ಜೊತೆ ಕಾಲನ್ನೇ ಒಳಗೆ ಕಳಿಸಿದ.

ಇದಕ್ಕೆ ಉಲ್ಟಾ ಸಾಕ್ಷಿಯೂ ಇದೆ. 2015ರಲ್ಲಿ ಚೆಲ್ಸಿ ಮೈದಾನದಲ್ಲೇ ಇಬ್ರಾಹಿಮೊವಿಚ್ ಅರ್ಧ ಗಂಟೆಗೆಲ್ಲ ರೆಡ್ ಕಾರ್ಡ್ ತಿಂದ. ಉಳಿದದ್ದು ಹತ್ತು ಜನ. ಗೋಲು ಬೇಕೇ ಬೇಕು, ಹೆಚ್ಚಿನ ಡಿಫೆಂಡರ್ ಹಾಕುವ ಮಾತೇ ಇಲ್ಲ. ಆ ಹತ್ತು ಜನ ಚೆಂಡು ಇಟ್ಟುಕೊಂಡು ಆಡಿದರು, ಎರಡು ಸಲ ಹಿಂದೆ ಬಿದ್ದರೂ ಎರಡು ಸಲ ಸಮ ಮಾಡಿದರು, 2-2, ಎದುರಾಳಿ ಮೈದಾನದ ಗೋಲಿನ ಅದೇ ನಿಯಮದಿಂದ ಮುಂದಕ್ಕೆ ಹೋದರು. ಕೊನೆಯ ಗೋಲು ತಿಯಾಗೊ ಸಿಲ್ವಾದು, ಡಿಫೆಂಡರ್, ತಲೆಯಿಂದ, ಹೆಚ್ಚುವರಿ ಸಮಯದ 114ನೇ ನಿಮಿಷ. ಲಾನ್ಸ್‌ನಲ್ಲಿ ಬ್ಲಾಂ ಹೊಡೆದ ಅದೇ ನಿಮಿಷ, ಕಾಕತಾಳೀಯ ಅಷ್ಟೇ, ಆದರೂ ನನಗೆ ಇಷ್ಟ.

2016ರ ಫೆಬ್ರವರಿಯಲ್ಲಿ ಕರಾರು ಮುಂದುವರಿಸಿದ ಪಿಎಸ್‌ಜಿ ಜೂನ್‌ನಲ್ಲಿ ಪರಿಹಾರ ಕೊಟ್ಟು ಕಳಿಸಿತು. ಆಮೇಲೆ ನಾಲ್ಕೂವರೆ ವರ್ಷ ಮನೆಯಲ್ಲಿ. ಕೋಚ್‌ಗಳ ಲೋಕದಲ್ಲಿ ಅಷ್ಟು ದಿನ ಕಾಣಿಸದಿದ್ದರೆ ಜನ ಮರೆತೇಬಿಡುತ್ತಾರೆ. 2020ರ ಡಿಸೆಂಬರ್‌ನಲ್ಲಿ ಕತಾರ್‌ನ ಅಲ್ ರಯ್ಯಾನ್‌ಗೆ ಹೋದ, ಹೇಳುವಂಥದ್ದೇನಿಲ್ಲ. 2022ರ ಅಕ್ಟೋಬರ್‌ನಲ್ಲಿ ಲಿಯಾನ್. ಮೊದಲ ಸೀಸನ್ ಏಳನೇ ಸ್ಥಾನ, ಮುಂದಿನದರಲ್ಲಿ ನಾಲ್ಕು ಪಂದ್ಯಕ್ಕೆ ಒಂದೇ ಪಾಯಿಂಟ್, ತಂಡ ಕಟ್ಟಕಡೆಗೆ, ಸೆಪ್ಟೆಂಬರ್‌ನಲ್ಲೇ ಬೀಳ್ಕೊಡುಗೆ. ಆಗ ಆ ಕ್ಲಬ್ಬೇ ಗೊಂದಲದ ಗೂಡು, ಪೂರ್ತಿ ತಪ್ಪು ಇವನ ತಲೆಗೆ ಕಟ್ಟುವುದಿಲ್ಲ. ಆದರೆ ಹೊಡೆದಾಡಿ ಮೇಲೇಳಬೇಕಾದ ತಂಡಕ್ಕೆ ಕಡ್ಡಿ ಕಚ್ಚಿ ಕೂರುವ ಕೋಚ್ ಸರಿಹೊಂದುವುದಿಲ್ಲ ಅನ್ನೋದೂ ಅಷ್ಟೇ ನಿಜ. ಒಳ್ಳೆಯ ಆಟಗಾರರಿರುವ ತಂಡ ಕೊಟ್ಟರೆ? 2024ರಲ್ಲಿ ಅಲ್ ಇತ್ತಿಹಾದ್ ಕೊಟ್ಟಿತು: ಬೆಂಜೆಮಾ, ಕಾಂಟೆ, ಫಬಿನ್ಯೊ. ಹಿಂದಿನ ವರ್ಷ ಐದನೇ ಸ್ಥಾನದಲ್ಲಿದ್ದ ತಂಡ 2025ರಲ್ಲಿ ಲೀಗ್ ಗೆದ್ದಿತು, ಕಿಂಗ್ಸ್ ಕಪ್ಪೂ ಗೆದ್ದಿತು. ಅದೇ ವರ್ಷ ಸೆಪ್ಟೆಂಬರ್ ಕೊನೆಗೆ ಅಲ್ ನಸ್ರ್ ವಿರುದ್ಧ ಸೋತದ್ದೇ ತಡ, ಕೆಲಸ ಹೋಯಿತು. ಸೌದಿಯಲ್ಲಿ ಅದೆಲ್ಲ ಮಾಮೂಲು.

ಯಾವ ಪಂದ್ಯ ನೋಡಲಿ ಅಂತ ಕೇಳಿದಿರಿ. ಎಲ್ಲರೂ ಪರಾಗ್ವೆ ಪಂದ್ಯ ಹೇಳುತ್ತಾರೆ, ಆದರೆ ಅದನ್ನು ಗೋಲಿಗಾಗಿ ನೋಡಿ, ಅಷ್ಟು ಸಾಕು. ಡಿಫೆಂಡರ್ ಬ್ಲಾಂ ಬೇಕಾದರೆ 1998ರ ಇಟಲಿ ಪಂದ್ಯ ನೋಡಿ, ಪೂರಾ 120 ನಿಮಿಷ, ಹೈಲೈಟ್ಸ್ ಬೇಡ. ಹೈಲೈಟ್ಸ್‌ನಲ್ಲಿ ಅವನು ಕಾಣುವುದೇ ಇಲ್ಲ. ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ. ನೀಲಿ ಜೆರ್ಸಿಯ 5ನೇ ನಂಬರ್ ಹುಡುಕಿ, ಇಟಲಿಯವರು ಪಾಸ್ ಮಾಡುವ ಮುಂಚೆ ಅವನು ತಲೆ ಯಾವ ಕಡೆ ತಿರುಗಿಸುತ್ತಾನೆ ಅನ್ನೋದನ್ನಷ್ಟೇ ನೋಡುತ್ತಿರಿ. ಮೊದಲ ಕಾಲು ಗಂಟೆ ಬೋರ್ ಆಗುತ್ತದೆ.